ಪಾಠ ಯೋಜನೆಯನ್ನು ಕಲಿಕೆಯ ಗುರಿಯಿಂದ ಶುರುಮಾಡುವುದು ಹೇಗೆ?

ಶಿಕ್ಷಕರಿಂದ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಮೊದಲನೆಯದು: "ಪಾಠ ಯೋಜನೆಯಲ್ಲಿ 'ಕಲಿಕಾ ಉದ್ದೇಶ' ಅಂತ ಒಂದು ಕಾಲಂ ಇರುತ್ತದಲ್ಲ, ಅಲ್ಲಿ ಏನು ಬರೆಯಬೇಕು?" ಎರಡನೆಯದು: "ಚಟುವಟಿಕೆ ಚೆನ್ನಾಗಿ ನಡೆಯಿತು, ಮಕ್ಕಳೂ ಖುಷಿಯಾಗಿದ್ದರು. ಆದರೆ ಹತ್ತು ದಿನ ಬಿಟ್ಟು ಕೇಳಿದರೆ ಯಾರಿಗೂ ಏನೂ ನೆನಪಿಲ್ಲ. ಎಲ್ಲಿ ತಪ್ಪಿತು?"

ಎರಡೂ ಪ್ರಶ್ನೆಗಳ ಬೇರು ಒಂದೇ. ನಾವು ಪಾಠವನ್ನು ನಮ್ಮ ಕಡೆಯಿಂದ ಯೋಜಿಸುತ್ತೇವೆ. ನಾನು ಏನು ಹೇಳುತ್ತೇನೆ, ಯಾವ ಪುಟ ಮುಗಿಸುತ್ತೇನೆ, ಯಾವ ಚಾರ್ಟ್ ತೋರಿಸುತ್ತೇನೆ ಎಂದು ಮೊದಲು ಬರೆಯುತ್ತೇವೆ. ಕೊನೆಗೆ ಉದ್ದೇಶದ ಕಾಲಂ ಖಾಲಿ ಉಳಿಯಬಾರದು ಅಂತ ಒಂದು ಸಾಲು ತುಂಬಿಸುತ್ತೇವೆ. ಆ ಸಾಲು ತೆಗೆದುಹಾಕಿದರೂ ಪಾಠದಲ್ಲಿ ಏನೂ ಬದಲಾಗುವುದಿಲ್ಲ. ಹಾಗಿದ್ದರೆ ಅದು ಗುರಿಯೇ ಅಲ್ಲ, ಅಲ್ವಾ?

ಇದನ್ನು ತಿರುಗಿಸಿ ಯೋಚಿಸುವುದು ಹೊಸ ವಿಚಾರವೇನಲ್ಲ. 1949ರಲ್ಲೇ ಅಮೆರಿಕದ ಶಿಕ್ಷಣ ತಜ್ಞ ರಾಲ್ಫ್ ಟೈಲರ್ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟಿದ್ದರು. ಏನು ಸಾಧಿಸಬೇಕು? ಅದಕ್ಕೆ ಮಕ್ಕಳಿಗೆ ಯಾವ ಅನುಭವ ಬೇಕು? ಆ ಅನುಭವಗಳನ್ನು ಹೇಗೆ ಜೋಡಿಸಬೇಕು? ಸಾಧಿಸಿದೆವು ಅಂತ ಹೇಗೆ ತಿಳಿಯುವುದು? 1998ರಲ್ಲಿ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ ಎಂಬ ಇಬ್ಬರು ಆ ಕೊನೆಯ ಪ್ರಶ್ನೆಯನ್ನು ಎರಡನೆಯ ಜಾಗಕ್ಕೆ ತಂದ ಒಂದು ವಿಧಾನವನ್ನು ವಿವರಿಸಿದರು. ಅಂದರೆ, ಮಕ್ಕಳು ಕಲಿತಿದ್ದಾರೆ ಎಂದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಪಾಠ ಯೋಚಿಸುವ ಮೊದಲೇ ನಿರ್ಧರಿಸುವುದು. ಇದನ್ನು ಹಿಮ್ಮುಖ ಯೋಜನೆ ಅನ್ನಬಹುದು. ಕೆಳಗಿನ ಹಂತಗಳು ಇದೇ ದಾರಿಯಲ್ಲಿ ಸಾಗುತ್ತವೆ.

ಏನೇನು ಬೇಕು?

ಒಂದು ಘಟಕದ ಪಠ್ಯ. ಘಟಕ ಅಂದರೆ ಒಂದೇ ವಿಷಯದ ಸುತ್ತ ಇರುವ ನಾಲ್ಕೈದು ಅಥವಾ ಹತ್ತು ಪಿರಿಯಡ್‌ಗಳ ಪಾಠ. ಮಕ್ಕಳ ಹಳೆಯ ನೋಟ್‌ಬುಕ್ ಅಥವಾ ಉತ್ತರ ಪತ್ರಿಕೆಗಳು ಒಂದಿಷ್ಟು. ಒಂದು ಖಾಲಿ ಹಾಳೆ. ಮೊದಲ ಸಲ ಮಾಡುವಾಗ ಒಂದೂವರೆ ಎರಡು ಗಂಟೆ ಸಮಯ. ಅಚ್ಚು ಮಾಡಿದ ನಮೂನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಮೂನೆಯ ಮುಂದೆ ಕೂತರೆ ಕೈ ಕಾಲಂ ತುಂಬಿಸಲು ಹೊರಡುತ್ತದೆ, ಯೋಚನೆ ಹಿಂದೆ ಉಳಿಯುತ್ತದೆ.

ಎಲ್ಲಾ ಹಂತಗಳಿಗೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ. "ಹಸಿರು ಗಿಡಗಳು ಆಹಾರ ತಯಾರಿಸುವುದು", ಅಂದರೆ ದ್ಯುತಿಸಂಶ್ಲೇಷಣೆಯ ಪಾಠ. ಗಣಿತದವರಿಗಾಗಿ ನಡುವೆ ದಶಮಾಂಶವೂ ಬರುತ್ತದೆ. ನಿಮ್ಮ ವಿಷಯ ಯಾವುದೇ ಇರಲಿ, ಕ್ರಮ ಇದೇ.

1. ಘಟಕದಲ್ಲಿ ಉಳಿಯಬೇಕಾದದ್ದು ಯಾವುದು ಎಂದು ಆರಿಸಿ

ಪಠ್ಯವನ್ನು ಒಮ್ಮೆ ಓದಿ ಮುಚ್ಚಿಡಿ. ಈಗ ನಿಮ್ಮನ್ನೇ ಕೇಳಿಕೊಳ್ಳಿ: ಒಂದು ವರ್ಷ ಕಳೆದ ಮೇಲೆ, ಪುಸ್ತಕ ಕೈಯಲ್ಲಿ ಇಲ್ಲದಾಗ, ಈ ಮಕ್ಕಳಲ್ಲಿ ಇದರಿಂದ ಏನು ಉಳಿದಿರಬೇಕು?

ಎಲ್ಲವೂ ಉಳಿಯಬೇಕು ಅಂತ ಅನಿಸುವುದು ಸಹಜ. ಆದರೆ ಎಲ್ಲವೂ ಉಳಿಯುವುದಿಲ್ಲ. ಆರಿಸುವ ಕೆಲಸ ನೀವು ಮಾಡದಿದ್ದರೆ ಮಗುವಿನ ಮರೆವು ಮಾಡುತ್ತದೆ. ಅದು ಆರಿಸಿ ಉಳಿಸುವುದು ಪಾಠದ ತಿರುಳನ್ನಲ್ಲ, ತೀರಾ ಬಣ್ಣಬಣ್ಣದ ಯಾವುದೋ ಒಂದು ಚಿತ್ರವನ್ನು.

ಆರಿಸಲು ನಾನು ಮೂರು ಕಡೆ ನೋಡುತ್ತೇನೆ. ಮುಂದಿನ ಪಾಠಗಳಿಗೆ ಇದು ಅಡಿಪಾಯವೇ? ಶಾಲೆಯ ಹೊರಗೆ ಕಾಣುವ ಯಾವುದಾದರೂ ಸಂಗತಿ ಇದರಿಂದ ಬಿಡಿಸಿಕೊಳ್ಳುತ್ತದೆಯೇ? ಮಕ್ಕಳ ತಲೆಯಲ್ಲಿ ಈಗಾಗಲೇ ಬೇರೂರಿರುವ ತಪ್ಪು ನಂಬಿಕೆಯೊಂದನ್ನು ಇದು ಕದಲಿಸುತ್ತದೆಯೇ? ಮೂರಕ್ಕೂ ಹೌದು ಅನ್ನುವ ವಿಚಾರ ಸಿಕ್ಕರೆ ಅದೇ ಘಟಕದ ನಡುಗಂಬ.

ದ್ಯುತಿಸಂಶ್ಲೇಷಣೆಯಲ್ಲಿ ಅಂಥದ್ದು ಯಾವುದು? ಸಮೀಕರಣ ಅಂತ ಬಹಳ ಜನ ಹೇಳುತ್ತಾರೆ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ ಹೆಸರು ಅಂತ ಕೆಲವರು ಹೇಳುತ್ತಾರೆ. ನನ್ನ ಪ್ರಕಾರ ಅದು ಇದು: ಒಂದು ದೊಡ್ಡ ಮರದ ಒಣ ಮೈ ಬಹುಪಾಲು ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಕಟ್ಟಿಕೊಂಡದ್ದು, ಮಣ್ಣಿನಿಂದ ಅಲ್ಲ. ಇದನ್ನು ಕೇಳಿದ ದೊಡ್ಡವರೂ ಒಂದು ಕ್ಷಣ ನಿಲ್ಲುತ್ತಾರೆ. ಸಮೀಕರಣ ಬಾಯಿಪಾಠ ಬರುವ ಮಗು ಕೂಡ "ಮರದ ತೂಕ ಎಲ್ಲಿಂದ ಬಂತು?" ಅಂದರೆ "ಮಣ್ಣಿನಿಂದ" ಅನ್ನುತ್ತದೆ. ಅಲ್ಲಿಗೆ ಸಮೀಕರಣ ಗೊತ್ತಿದೆ, ಅದರ ಅರ್ಥ ಗೊತ್ತಿಲ್ಲ ಎಂದಾಯಿತು.

ಉಳಿದ ಸಂಗತಿಗಳನ್ನು ಬಿಸಾಡಬೇಕಿಲ್ಲ. ಪತ್ರರಂಧ್ರ (ಎಲೆಯ ಮೇಲಿನ ಸಣ್ಣ ತೂತುಗಳು), ಪತ್ರಹರಿತ್ತು ಇವೆಲ್ಲ ಈ ನಡುಗಂಬಕ್ಕೆ ಒರಗಿ ನಿಲ್ಲುತ್ತವೆ. ಅವುಗಳಿಗೆ ಎಷ್ಟು ಸಮಯ ಕೊಡಬೇಕು ಎಂಬುದೂ ಈಗ ತಾನಾಗಿ ತಿಳಿಯುತ್ತದೆ.

2. ಗುರಿಯನ್ನು ಒಂದೇ ವಾಕ್ಯದಲ್ಲಿ, ಕಣ್ಣಿಗೆ ಕಾಣುವ ಕ್ರಿಯಾಪದದಲ್ಲಿ ಬರೆಯಿರಿ

"ಮಕ್ಕಳು ದ್ಯುತಿಸಂಶ್ಲೇಷಣೆಯನ್ನು ಅರ್ಥಮಾಡಿಕೊಳ್ಳುವರು." ನಾನೂ ಶುರುವಿನ ವರ್ಷಗಳಲ್ಲಿ ಹೀಗೇ ಬರೆಯುತ್ತಿದ್ದೆ. ಇದರಲ್ಲಿ ತಪ್ಪಿಲ್ಲ, ಆದರೆ ಉಪಯೋಗವೂ ಇಲ್ಲ. ಅರ್ಥಮಾಡಿಕೊಂಡ ಮಗು ಏನು ಮಾಡುತ್ತದೆ, ಮಾಡಿಕೊಳ್ಳದ ಮಗು ಏನು ಮಾಡುತ್ತದೆ ಎಂಬ ವ್ಯತ್ಯಾಸ ಈ ವಾಕ್ಯದಲ್ಲಿ ಕಾಣುವುದಿಲ್ಲ. ತಿಳಿಯುವರು, ಅರಿಯುವರು, ಪರಿಚಯಿಸಿಕೊಳ್ಳುವರು, ಮೆಚ್ಚುವರು, ಎಲ್ಲವೂ ಇದೇ ಬಗೆಯವು.

1962ರಲ್ಲಿ ಅಮೆರಿಕದ ರಾಬರ್ಟ್ ಮೇಗರ್ ಒಂದು ಕಲಿಕಾ ಗುರಿಗೆ ಇರಬೇಕು ಎಂದು ಹೇಳಿದ ಮೂರು ಭಾಗಗಳು ಇಲ್ಲಿ ಇಂದಿಗೂ ಕೆಲಸಕ್ಕೆ ಬರುತ್ತವೆ. ವಿದ್ಯಾರ್ಥಿ ಏನು ಮಾಡಿ ತೋರಿಸುತ್ತಾರೆ? ಯಾವ ಸನ್ನಿವೇಶದಲ್ಲಿ? ಎಷ್ಟರ ಮಟ್ಟಿಗೆ ಸರಿಯಾಗಿ?

ಈ ಮೂರನ್ನೂ ಸೇರಿಸಿ ನಮ್ಮ ಗುರಿ ಬರೆಯೋಣ: "ಮೊದಲು ಚರ್ಚಿಸದ ಒಂದು ಸನ್ನಿವೇಶ ಕೊಟ್ಟಾಗ, ವಿದ್ಯಾರ್ಥಿಯು ಗಿಡದ ತೂಕ ಎಲ್ಲಿಂದ ಬಂತು ಅಥವಾ ಎಲ್ಲಿಗೆ ಹೋಯಿತು ಎಂದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಖನಿಜಗಳ ಪಾತ್ರ ಬೇರೆ ಬೇರೆಯಾಗಿ ಹೇಳಿ, ಸ್ವಂತ ಮಾತಿನಲ್ಲಿ ವಿವರಿಸುತ್ತಾರೆ." ಸ್ವಲ್ಪ ಉದ್ದವಾಯಿತು. ಪರವಾಗಿಲ್ಲ, ಇದು ನಿಮಗಾಗಿ ಬರೆದದ್ದು. ಮಕ್ಕಳಿಗೆ ಹೇಳುವ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಜನ ಜಾಸ್ತಿ ಎಡವುವುದು ನಾಲ್ಕು ಕಡೆ.

ಚಟುವಟಿಕೆಯನ್ನೇ ಗುರಿ ಅಂದುಕೊಳ್ಳುವುದು ಒಂದು. "ಮಕ್ಕಳು ಗುಂಪಿನಲ್ಲಿ ಚಾರ್ಟ್ ತಯಾರಿಸುವರು" ಎಂಬುದು ಗುರಿಯಲ್ಲ, ದಾರಿ. ಚಾರ್ಟ್ ಮುಗಿದ ಮೇಲೆ ಮಗುವಿಗೆ ಹೊಸದಾಗಿ ಏನು ಬರುತ್ತದೆ ಎಂದು ಕೇಳಿ. ಉತ್ತರವೇ ಗುರಿ.

ಇನ್ನೊಂದು, ಪುಡಿ ಮಾಡುವುದು. ಒಂದು ಪಿರಿಯಡ್‌ಗೆ ಹನ್ನೆರಡು ಗುರಿ ಬರೆದವರನ್ನು ನೋಡಿದ್ದೇನೆ. ಹನ್ನೆರಡನ್ನು ಯಾರೂ ತರಗತಿಯಲ್ಲಿ ತಲೆಯಲ್ಲಿಟ್ಟುಕೊಳ್ಳಲು ಆಗುವುದಿಲ್ಲ. ಘಟಕಕ್ಕೆ ಒಂದೋ ಎರಡೋ ದೊಡ್ಡ ಗುರಿ, ಪಿರಿಯಡ್‌ಗೆ ಒಂದು ಸಣ್ಣ ಗುರಿ. ಇಷ್ಟು ಸಾಕು.

ಮೂರನೆಯದು ಬ್ಲೂಮ್ ಅವರ ಪಟ್ಟಿಯ ದುರುಪಯೋಗ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯ ಉದ್ದೇಶಗಳನ್ನು ಆರು ಬಗೆಯಾಗಿ ವಿಂಗಡಿಸಿದರು. 2001ರಲ್ಲಿ ಅದನ್ನು ಪರಿಷ್ಕರಿಸಿ ನೆನಪಿಸಿಕೊಳ್ಳುವುದು, ಅರ್ಥೈಸುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯಮಾಪನ ಮಾಡುವುದು, ಸೃಷ್ಟಿಸುವುದು ಎಂದು ಮಾಡಲಾಯಿತು. ಪ್ರತಿ ಪಾಠದಲ್ಲೂ ಆರೂ ಇರಬೇಕು ಎಂದು ಇದರ ಅರ್ಥವಲ್ಲ. ಕ್ರಿಯಾಪದ ಬದಲಿಸಿದ ಮಾತ್ರಕ್ಕೆ ಯೋಚನೆಯ ಮಟ್ಟ ಏರುವುದೂ ಇಲ್ಲ. "ವಿಶ್ಲೇಷಿಸಿ" ಎಂದು ಕೇಳಿದ ಪ್ರಶ್ನೆಯ ಉತ್ತರವನ್ನು ನೀವು ನಿನ್ನೆಯೇ ಬೋರ್ಡ್ ಮೇಲೆ ಬರೆಸಿದ್ದರೆ, ಇವತ್ತು ಮಗು ಮಾಡುವುದು ನೆನಪಿಸಿಕೊಳ್ಳುವ ಕೆಲಸವೇ.

ನಾಲ್ಕನೆಯದು ಸ್ವಲ್ಪ ಸೂಕ್ಷ್ಮ. ಅಳೆಯಲು ಸುಲಭವಾದದ್ದನ್ನೇ ಗುರಿ ಮಾಡಿಕೊಂಡುಬಿಡುವುದು. ಒಂದು ಕವಿತೆಯ ಪಾಠದಲ್ಲಿ "ಕವಿಯ ಹುಟ್ಟಿದ ವರ್ಷ ಹೇಳುವರು" ಅಂತ ಬರೆದರೆ ಅಳೆಯುವುದು ಸುಲಭ, ಆದರೆ ಕವಿತೆ ಕೈಬಿಟ್ಟು ಹೋಯಿತು. "ಒಂದು ಸಾಲಿನಲ್ಲಿ ಕವಿ ಒಂದು ಪದ ಬದಲಿಸಿದ್ದರೆ ಭಾವ ಹೇಗೆ ಬದಲಾಗುತ್ತಿತ್ತು ಎಂದು ಕಾರಣ ಕೊಟ್ಟು ಹೇಳುವರು" ಎಂದು ಬರೆಯಿರಿ. ಇದಕ್ಕೆ ಅಂಕ ಕೊಡುವುದು ಕಷ್ಟ, ಆದರೆ ಉತ್ತರ ಓದಿದರೆ ಮಗು ಕವಿತೆಯ ಒಳಗೆ ಹೋಗಿದೆಯೋ ಇಲ್ಲವೋ ಖಂಡಿತ ಗೊತ್ತಾಗುತ್ತದೆ.

3. ಪುರಾವೆ ಮೊದಲು, ಪಾಠ ಆಮೇಲೆ

ಈ ಹಂತಕ್ಕೇ ನಾನು ಅತಿ ಹೆಚ್ಚು ಸಮಯ ಕೊಡುತ್ತೇನೆ. ನೀವೂ ಕೊಡಿ. ಪುರಾವೆ ಅಂದರೆ ಮಗು ಗುರಿ ಮುಟ್ಟಿದೆ ಎಂದು ತೋರಿಸುವ ಕೆಲಸ. ಅದು ಒಂದು ಪ್ರಶ್ನೆಯಾಗಿರಬಹುದು, ಒಂದು ಲೆಕ್ಕ, ಒಂದು ಮಾತುಕತೆ, ಒಂದು ಮಾದರಿಯೂ ಆಗಿರಬಹುದು. ಪಾಠ ಇನ್ನೂ ಯೋಚಿಸಿಲ್ಲ, ಪ್ರಶ್ನೆ ಈಗಲೇ ಬರೆಯಬೇಕು.

ಒಳ್ಳೆಯ ಪ್ರಶ್ನೆಗೆ ಒಂದೇ ಒಂದು ಪರೀಕ್ಷೆ ಇದೆ. ಅರ್ಥವಾದ ಮಗು ಮತ್ತು ತಪ್ಪಾಗಿ ಅರ್ಥಮಾಡಿಕೊಂಡ ಮಗು ಇಬ್ಬರೂ ಇದಕ್ಕೆ ಒಂದೇ ಉತ್ತರ ಕೊಡಬಹುದೇ? ಕೊಡಬಹುದಾದರೆ ಆ ಪ್ರಶ್ನೆ ಬದಲಿಸಿ.

ದಶಮಾಂಶದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 0.75 ಮತ್ತು 0.5ರಲ್ಲಿ ದೊಡ್ಡದು ಯಾವುದು ಎಂದು ಕೇಳಿದಿರಿ. ತರಗತಿ ಪೂರ್ತಿ 0.75 ಅಂದಿತು. ನಿಮಗೆ ಸಮಾಧಾನವಾಯಿತು. ಆದರೆ "ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು" ಎಂದು ನಂಬಿದ ಮಗುವೂ ಇದೇ ಉತ್ತರ ಕೊಡುತ್ತದೆ. 75 ಐದಕ್ಕಿಂತ ದೊಡ್ಡದು, ಅಷ್ಟೇ ಅದರ ಲೆಕ್ಕ. ಈಗ 0.45 ಮತ್ತು 0.5 ಕೇಳಿ. ಆ ಮಗು 0.45 ಅನ್ನುತ್ತದೆ, ಸಿಕ್ಕಿಬೀಳುತ್ತದೆ. ಆದರೆ ಇನ್ನೊಂದು ಬಗೆಯ ಮಕ್ಕಳಿದ್ದಾರೆ. "ಬಿಂದುವಿನ ನಂತರ ಅಂಕಿ ಜಾಸ್ತಿ ಇದ್ದರೆ ತುಂಡು ಸಣ್ಣದು, ಹಾಗಾಗಿ ಸಂಖ್ಯೆಯೂ ಸಣ್ಣದು" ಎಂದು ಅವರು ತೀರ್ಮಾನಿಸಿರುತ್ತಾರೆ. ಅವರು ಎರಡನೆಯ ಪ್ರಶ್ನೆಗೆ ಸರಿ ಉತ್ತರ ಕೊಟ್ಟು ಮೊದಲನೆಯದರಲ್ಲಿ ತಪ್ಪುತ್ತಾರೆ. ಎರಡೂ ಪ್ರಶ್ನೆ ಜೊತೆಗೆ ಕೇಳಿದರೆ ಮಾತ್ರ ಮೂರೂ ಬಗೆಯ ಮಕ್ಕಳು ಬೇರೆ ಬೇರೆಯಾಗಿ ಕಾಣುತ್ತಾರೆ. ಹತ್ತು ಲೆಕ್ಕ ಕೊಡುವುದಕ್ಕಿಂತ ಈ ಎರಡು ಲೆಕ್ಕ ಹೆಚ್ಚು ಹೇಳುತ್ತವೆ.

ನಮ್ಮ ಗಿಡದ ಪಾಠಕ್ಕೆ ಕೊನೆಯ ಪ್ರಶ್ನೆ ಯಾವುದು? ನಾನು ಇದನ್ನು ಇಡುತ್ತೇನೆ: "ಒಣಗಿದ ಸೌದೆ ಸುಟ್ಟರೆ ಕೊನೆಗೆ ಸ್ವಲ್ಪ ಬೂದಿ ಉಳಿಯುತ್ತದೆ. ಉಳಿದ ತೂಕ ಎಲ್ಲಿಗೆ ಹೋಯಿತು? ಬೂದಿ ಎಲ್ಲಿಂದ ಬಂದದ್ದು?" ಪಾಠದಲ್ಲಿ ಸೌದೆ ಸುಡುವ ಮಾತೇ ಬರುವುದಿಲ್ಲ. ಮರದ ಮೈ ಗಾಳಿಯಿಂದ ಮತ್ತು ನೀರಿನಿಂದ ಕಟ್ಟಿದ್ದು ಎಂದು ಹಿಡಿದ ಮಗು, ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಮತ್ತೆ ಗಾಳಿಗೆ ಹೋಯಿತು ಅನ್ನುತ್ತದೆ. ಬೂದಿ ಮಣ್ಣಿನಿಂದ ಬಂದ ಖನಿಜ ಅನ್ನುತ್ತದೆ. ಬಾಯಿಪಾಠ ಮಾಡಿದ ಮಗು ಇಲ್ಲಿ ನಿಂತುಬಿಡುತ್ತದೆ.

ಪ್ರಶ್ನೆ ಬರೆದ ಕೂಡಲೇ ನೀವೇ ಮೂರು ಉತ್ತರ ಬರೆಯಿರಿ: ಒಂದು ಪೂರ್ತಿ ಸರಿಯಾದದ್ದು, ಒಂದು ಅರ್ಧ ಸರಿ, ಒಂದು ತಪ್ಪು. ಮಕ್ಕಳ ಭಾಷೆಯಲ್ಲೇ ಬರೆಯಿರಿ. ಇದೇ ನಿಮ್ಮ ರೂಬ್ರಿಕ್, ಅಂದರೆ ಯಾವ ಉತ್ತರ ಯಾವ ಮಟ್ಟದ್ದು ಎಂದು ತೂಗುವ ಅಳತೆಗೋಲು. ದೊಡ್ಡ ಪಟ್ಟಿ ಬೇಕಿಲ್ಲ. ನಿಮಗೇ ಪೂರ್ತಿ ಉತ್ತರ ಬರೆಯಲು ತಡವರಿಸಿದರೆ ಗುರಿ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ. ಎರಡನೆಯ ಹಂತಕ್ಕೆ ಹಿಂತಿರುಗಿ.

4. ಮಕ್ಕಳು ಈಗ ಎಲ್ಲಿದ್ದಾರೆ ನೋಡಿ

ಕಲಿಕೆಯ ಮೇಲೆ ಪ್ರಭಾವ ಬೀರುವ ಎಲ್ಲಕ್ಕಿಂತ ಮುಖ್ಯ ಸಂಗತಿ ಕಲಿಯುವವರಿಗೆ ಈಗಾಗಲೇ ಏನು ಗೊತ್ತಿದೆ ಎಂಬುದು. ಮನಶ್ಶಾಸ್ತ್ರಜ್ಞ ಡೇವಿಡ್ ಆಸುಬೆಲ್ 1968ರಲ್ಲಿ ಈ ಅರ್ಥದ ಮಾತು ಬರೆದರು. ಮಗುವಿನ ತಲೆಯಲ್ಲಿ ಮೊದಲೇ ಇರುವ ಈ ತಿಳಿವನ್ನು ಪೂರ್ವಜ್ಞಾನ ಅನ್ನುತ್ತೇವೆ. ಅದರಲ್ಲಿ ಸರಿಯೂ ಇರುತ್ತದೆ, ತಪ್ಪೂ ಇರುತ್ತದೆ.

ಘಟಕ ಶುರುವಾಗುವ ಎರಡು ಮೂರು ದಿನ ಮೊದಲು, ಬೇರೆ ಪಾಠದ ಕೊನೆಯ ಐದು ನಿಮಿಷದಲ್ಲಿ ಒಂದು ಪ್ರಶ್ನೆ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. "ಸಣ್ಣ ಬೀಜ ದೊಡ್ಡ ಮರವಾಯಿತು. ಇಷ್ಟು ತೂಕ ಎಲ್ಲಿಂದ ಬಂತು?" ಅಂಕ ಇಲ್ಲ, ತಪ್ಪು ಸರಿ ಹೇಳುವುದಿಲ್ಲ ಅಂತ ಮೊದಲೇ ತಿಳಿಸಿ. ಇಲ್ಲದಿದ್ದರೆ ಪಕ್ಕದವರದ್ದು ನೋಡಿ ಬರೆಯುತ್ತಾರೆ.

ಶುರುವಿನಲ್ಲೇ ಕೇಳಿದರೆ ಆಗದೇ? ಆಗುತ್ತದೆ, ಆದರೆ ಉತ್ತರ ನೋಡಿ ಯೋಜನೆ ಬದಲಿಸಲು ನಿಮಗೆ ಸಮಯ ಇರುವುದಿಲ್ಲ. ಕೇಳಿದ್ದಕ್ಕೆ ಬೆಲೆಯೇ ಹೋಗುತ್ತದೆ.

ಚೀಟಿ ಓದುವಾಗ ಎರಡು ಬೇರೆ ಬೇರೆ ಸಂಗತಿ ಹುಡುಕಿ. ಒಂದು, ತಪ್ಪು ಕಲ್ಪನೆ: ಮಗುವಿಗೆ ತಾನೇ ಕಟ್ಟಿಕೊಂಡ ಒಂದು ವಿವರಣೆ ಇದೆ, ಅದು ಸರಿಯಿಲ್ಲ. ಇನ್ನೊಂದು, ಕೊರತೆ: ಅಡಿಯಲ್ಲಿ ಇರಬೇಕಾದ ಒಂದು ಕಲ್ಲೇ ಇಲ್ಲ. ಇವೆರಡಕ್ಕೂ ಔಷಧ ಬೇರೆ.

ನಮ್ಮ ಪಾಠದಲ್ಲಿ ಅಡಗಿರುವ ಕೊರತೆ ಯಾವುದು ಗೊತ್ತೇ? ಗಾಳಿಗೆ ತೂಕ ಇದೆ ಎಂಬುದು ಬಹಳ ಮಕ್ಕಳಿಗೆ ಮನಸ್ಸಿಗೆ ಇಳಿದಿರುವುದಿಲ್ಲ. ಗಾಳಿ ಅಂದರೆ ಏನೂ ಇಲ್ಲ ಅಂತ ಅಂದುಕೊಂಡ ಮಗುವಿಗೆ "ಮರ ಗಾಳಿಯಿಂದ ಆದದ್ದು" ಅಂದರೆ ಅದು ನಂಬುವುದಾದರೂ ಹೇಗೆ? ಬರೆದುಕೊಳ್ಳುತ್ತದೆ, ನಂಬುವುದಿಲ್ಲ. ಎಷ್ಟೋ ಪಾಠಗಳು ಸೋಲುವುದು ಹೀಗೆ, ಒಂದು ಮೆಟ್ಟಿಲು ಕೆಳಗೆ.

ತಪ್ಪು ಕಲ್ಪನೆಗೆ ಒಂದು ಉದಾಹರಣೆ: ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಎಂಬ ನಂಬಿಕೆ. "ತಪ್ಪು, ಭೂಮಿಯ ಅಕ್ಷದ ಓರೆಯೇ ಕಾರಣ" ಎಂದು ಹೇಳಿಬಿಟ್ಟರೆ ಮಗು ಅದನ್ನು ಪರೀಕ್ಷೆಗೆ ಬರೆಯುತ್ತದೆ, ಒಳಗೆ ಹಳೆಯದನ್ನೇ ಇಟ್ಟುಕೊಳ್ಳುತ್ತದೆ. ಹಳೆಯ ನಂಬಿಕೆಗೆ ಡಿಕ್ಕಿ ಹೊಡೆಯುವ ಸಂಗತಿ ಬೇಕು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದ ಸುಮಾರಿಗೆ, ಆಗ ದೂರ ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಇರುವುದು ಜುಲೈ ಮೊದಲ ವಾರದ ಸುಮಾರಿಗೆ, ಆಗ ಸುಮಾರು 15.2 ಕೋಟಿ. ಜನವರಿಯಲ್ಲಿ ಉತ್ತರ ಗೋಳಾರ್ಧದಲ್ಲಿ ಚಳಿಗಾಲ, ದಕ್ಷಿಣದಲ್ಲಿ ಬೇಸಿಗೆ. "ಹಾಗಾದರೆ ನಿಮ್ಮ ವಿವರಣೆ ಏನಾಯಿತು?" ಎಂದು ಕೇಳಿ ಸುಮ್ನೆ ನಿಲ್ಲಿ. ಆ ಇಕ್ಕಟ್ಟಿನಲ್ಲಿ ಮಗು ಹೊಸ ವಿವರಣೆಯನ್ನು ತಾನೇ ಬೇಡುತ್ತದೆ.

5. ಕೊನೆಯಿಂದ ಹಿಂದಕ್ಕೆ ಪಿರಿಯಡ್‌ಗಳನ್ನು ಜೋಡಿಸಿ

ಈಗ ಎರಡು ದಡ ಸಿಕ್ಕಿವೆ. ಮಗು ಇಲ್ಲಿದೆ, ಸೌದೆಯ ಪ್ರಶ್ನೆ ಅಲ್ಲಿದೆ. ನಡುವಿನ ಮೆಟ್ಟಿಲುಗಳನ್ನು ಕೊನೆಯಿಂದ ಎಣಿಸಿ. ಸೌದೆಯ ಪ್ರಶ್ನೆಗೆ ಉತ್ತರಿಸಲು ಅದರ ಹಿಂದೆ ಏನು ಗೊತ್ತಿರಬೇಕು? ಅದಕ್ಕೂ ಹಿಂದೆ?

ನನ್ನ ಹಾಳೆಯಲ್ಲಿ ಇದು ನಾಲ್ಕು ಪಿರಿಯಡ್ ಆಗುತ್ತದೆ. ಪ್ರತಿಯೊಂದಕ್ಕೂ ಶೀರ್ಷಿಕೆಯ ಬದಲು ಒಂದು ಪ್ರಶ್ನೆ ಇಡುತ್ತೇನೆ.

ಮೊದಲ ಪಿರಿಯಡ್: ಗಾಳಿಗೆ ತೂಕ ಇದೆಯೇ? ಮೆತ್ತಗಿರುವ ಒಂದು ಫುಟ್‌ಬಾಲ್ ಅನ್ನು ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಪಂಪಿನಿಂದ ಗಟ್ಟಿಯಾಗುವಷ್ಟು ಗಾಳಿ ತುಂಬಿ ಮತ್ತೆ ತೂಗಿ. ಕೆಲವು ಗ್ರಾಂ ಜಾಸ್ತಿ ಬರುತ್ತದೆ. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಹಾಗಾದರೆ ತರಗತಿಯ ಕೋಣೆಯಲ್ಲಿರುವ ಗಾಳಿಯ ತೂಕ ಎಷ್ಟು ಎಂದು ಲೆಕ್ಕ ಹಾಕಲು ಬಿಡಿ.

ಎರಡನೆಯದು: ಮರ ಮಣ್ಣನ್ನು ತಿಂದು ಬೆಳೆಯುತ್ತದೆಯೇ? ಇಲ್ಲಿ ವಿಜ್ಞಾನಿ ಯಾನ್ ವಾನ್ ಹೆಲ್ಮಾಂಟ್ ಅವರ ಪ್ರಯೋಗ ಬರುತ್ತದೆ. ಅದು ಪ್ರಕಟವಾದದ್ದು ಅವರ ಮರಣದ ನಂತರ, 1648ರಲ್ಲಿ. 200 ಪೌಂಡ್ ಒಣ ಮಣ್ಣು, 5 ಪೌಂಡ್ ತೂಕದ ವಿಲ್ಲೋ ಸಸಿ. ಐದು ವರ್ಷ ನೀರು ಮಾತ್ರ ಹಾಕಿದರು. ಮರ 169 ಪೌಂಡ್ ದಾಟಿತು. ಮಣ್ಣು ಎಷ್ಟು ಕಡಿಮೆಯಾಯಿತು? ಅಂಕಿ ಹೇಳುವ ಮೊದಲು ಪ್ರತಿ ಮಗುವಿನಿಂದಲೂ ಊಹೆ ಬರೆಸಿ. ನಿಜವಾದ ಉತ್ತರ ಸುಮಾರು ಎರಡು ಔನ್ಸ್, ಅಂದರೆ 60 ಗ್ರಾಂಗಿಂತಲೂ ಕಡಿಮೆ. ಊಹೆ ಬರೆಸದೆ ಅಂಕಿ ಹೇಳಿದರೆ ಇದು ಇನ್ನೊಂದು ಕಥೆಯಾಗಿ ಕಿವಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಹೆಲ್ಮಾಂಟ್ ಎಲ್ಲವೂ ನೀರಿನಿಂದಲೇ ಬಂತು ಎಂದು ತೀರ್ಮಾನಿಸಿದರು. ಗಾಳಿಯ ಪಾತ್ರ ಅವರಿಗೆ ತಿಳಿದಿರಲಿಲ್ಲ. ಅವರು ಎಲ್ಲಿ ತಪ್ಪಿದರು ಎಂಬುದೇ ಮೂರನೆಯ ಪಿರಿಯಡ್‌ಗೆ ಬಾಗಿಲು.

ಮೂರನೆಯದು: ಎಲೆ ಏನು ಒಳಗೆ ತೆಗೆದುಕೊಳ್ಳುತ್ತದೆ, ಏನು ಕಟ್ಟುತ್ತದೆ? ಇಂಗಾಲದ ಡೈಆಕ್ಸೈಡ್, ನೀರು, ಬೆಳಕು, ಪತ್ರಹರಿತ್ತು, ಸಕ್ಕರೆ, ಆಮ್ಲಜನಕ. ಸಮೀಕರಣ ಈಗ ಬರುತ್ತದೆ. ಈಗ ಅದಕ್ಕೆ ಕೂರಲು ಜಾಗ ಇದೆ. ಒಂದು ಎಚ್ಚರಿಕೆ: ಬೆಳಕನ್ನು ಮಕ್ಕಳು ಗಿಡದ ಮೈಗೆ ಸೇರುವ ಇನ್ನೊಂದು ಸಾಮಗ್ರಿ ಅಂದುಕೊಳ್ಳುತ್ತಾರೆ. ಅದು ಶಕ್ತಿ, ತೂಕಕ್ಕೆ ಸೇರುವ ಸಾಮಗ್ರಿಯಲ್ಲ ಎಂದು ಬಿಡಿಸಿ ಹೇಳಿ.

ನಾಲ್ಕನೆಯದು: ಮಣ್ಣಿನಿಂದ ಏನು ಬರುತ್ತದೆ, ಆಮೇಲೆ ಸೌದೆಯ ಪ್ರಶ್ನೆ.

ಪಿರಿಯಡ್ ಒಳಗಿನ ಕ್ರಮದ ಬಗ್ಗೆಯೂ ಕೇಳುತ್ತೀರಿ. ಶುರುವಿನ ಐದು ನಿಮಿಷ ಹಿಂದಿನದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು. ಇದಕ್ಕೆ ಕಾರಣ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಒಂದು ಪಠ್ಯವನ್ನು ಮತ್ತೆ ಮತ್ತೆ ಓದಿದರು, ಕೆಲವರು ಓದಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ನಮಗೆ ಬೇಕಾದದ್ದು ವಾರದ ನಂತರದ್ದು.

ಆಮೇಲೆ ಹೊಸ ವಿಚಾರ, ಸಣ್ಣ ಸಣ್ಣ ತುಂಡುಗಳಲ್ಲಿ. ಮನಸ್ಸು ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳುವ ಹೊಸ ಸಂಗತಿಗಳು ಬಹಳ ಕಡಿಮೆ. 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಏಳರ ಆಸುಪಾಸು ಎಂದಿದ್ದರು. ಆಮೇಲಿನ ಸಂಶೋಧನೆ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿತು. ಹಾಗಾಗಿ ಎರಡು ಮೂರು ಹೊಸ ಸಂಗತಿ ಹೇಳಿ, ಮಕ್ಕಳಿಂದ ಕೆಲಸ ಮಾಡಿಸಿ, ಮತ್ತೆ ಮುಂದಕ್ಕೆ ಹೋಗಿ. ಕೊನೆಯ ಐದು ನಿಮಿಷ ಅಂದಿನ ಗುರಿಯ ಪರಿಶೀಲನೆಗೆ ಮೀಸಲು. ಆ ಐದು ನಿಮಿಷವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.

ಚಟುವಟಿಕೆ ಆರಿಸುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಇಪ್ಪತ್ತು ನಿಮಿಷ ಮಗುವಿನ ಮನಸ್ಸು ಯಾವುದರ ಬಗ್ಗೆ ಯೋಚಿಸುತ್ತಿರುತ್ತದೆ? ಎಲೆಯ ಚಿತ್ರಕ್ಕೆ ಬಣ್ಣ ತುಂಬುವಾಗ ಅದು ಬಣ್ಣದ ಬಗ್ಗೆ ಯೋಚಿಸುತ್ತದೆ. ಥರ್ಮೋಕೋಲ್ ಮಾದರಿ ಮಾಡುವಾಗ ಅಂಟಿನ ಬಗ್ಗೆ ಯೋಚಿಸುತ್ತದೆ. ಹತ್ತು ದಿನದ ನಂತರ ನೆನಪಿರುವುದೂ ಅದೇ. ಮೇಲಿನ ಎರಡನೆಯ ಪ್ರಶ್ನೆ ಕೇಳಿದವರಿಗೆ ಇದೇ ನನ್ನ ಉತ್ತರ. ಖುಷಿ ಬೇಕು, ಖಂಡಿತ ಬೇಕು. ಆ ಖುಷಿ ವಿಚಾರದ ಒಳಗಿನಿಂದ ಬರುವಂತೆ ಮಾಡಿ. 60 ಗ್ರಾಂ ಎಂಬ ಅಂಕಿ ಕೇಳಿದಾಗ ತರಗತಿಯಲ್ಲಿ ಏಳುವ ಗದ್ದಲ ಅಂಥದ್ದು.

6. ಒಂದೇ ಗುರಿ, ಬೇರೆ ಬೇರೆ ಆಸರೆ

ತರಗತಿಯಲ್ಲಿ ಎಲ್ಲರೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಹಿಂದುಳಿದವರಿಗೆ ಸಣ್ಣ ಗುರಿ, ಮುಂದಿರುವವರಿಗೆ ದೊಡ್ಡ ಗುರಿ ಇಡುವುದು ಸುಲಭದ ದಾರಿ. ದಯವಿಟ್ಟು ಹಾಗೆ ಮಾಡಬೇಡಿ. ಸಣ್ಣ ಗುರಿ ಸಿಕ್ಕ ಮಗು ಪ್ರತಿ ಘಟಕದಲ್ಲೂ ಒಂದು ಹೆಜ್ಜೆ ಹಿಂದೆ ಬೀಳುತ್ತಾ ಹೋಗುತ್ತದೆ. ಗುರಿ ಎಲ್ಲರಿಗೂ ಸೌದೆಯ ಪ್ರಶ್ನೆಯೇ ಇರಲಿ, ಆಸರೆ ಬದಲಾಗಲಿ. ಬರೆಯಲು ಕಷ್ಟಪಡುವವರಿಗೆ ವಾಕ್ಯದ ಶುರು ಕೊಡಿ: "ಸೌದೆಯಲ್ಲಿದ್ದ ಇಂಗಾಲ..." ಕೆಲವರು ಬಾಯಲ್ಲಿ ಹೇಳಲಿ. ಬೇಗ ಮುಗಿಸಿದವರಿಗೆ "ಮಣ್ಣೇ ಇಲ್ಲದೆ ನೀರಿನಲ್ಲಿ ಗಿಡ ಬೆಳೆಸುವಾಗ ನೀರಿಗೆ ಏನು ಬೆರೆಸಬೇಕು, ಯಾಕೆ?" ಎಂದು ಕೇಳಿ. ಕೊಟ್ಟ ಆಸರೆಯನ್ನು ಯಾವಾಗ ತೆಗೆಯುತ್ತೀರಿ ಎಂದೂ ಬರೆದಿಡಿ.

7. ಗುರಿಯನ್ನು ಮಕ್ಕಳಿಗೆ ಅವರ ಭಾಷೆಯಲ್ಲಿ ಹೇಳಿ

ಬೋರ್ಡಿನ ಮೂಲೆಯಲ್ಲಿ ಎರಡನೆಯ ಹಂತದ ಉದ್ದ ವಾಕ್ಯವನ್ನು ಬರೆಸಿ ಎಲ್ಲರೂ ಬರೆದುಕೊಳ್ಳುವುದರಿಂದ ಏನೂ ಆಗುವುದಿಲ್ಲ. "ಮರದ ತೂಕ ಎಲ್ಲಿಂದ ಬರುತ್ತದೆ ಅಂತ ಯಾರು ಕೇಳಿದರೂ ನೀವು ಹೇಳುವ ಹಾಗಾಗಬೇಕು" ಅಂದರೆ ಸಾಕು. ಅಚ್ಚರಿಯೇ ಮುಖ್ಯವಾದ ದಿನ ಗುರಿಯನ್ನು ಕೊನೆಯಲ್ಲಿ ಹೇಳಿ. ಮೊದಲೇ ಉತ್ತರ ಬಿಟ್ಟುಕೊಟ್ಟರೆ ಎರಡನೆಯ ಪಿರಿಯಡ್ ಸತ್ತೇಹೋಗುತ್ತದೆ.

8. ಪಾಠ ನಡೆಯುವಾಗಲೇ ನೋಡಿ, ಯೋಜನೆ ಬದಲಿಸಿ

ಪಾಠದ ನಡುವೆ ಮಕ್ಕಳು ಎಲ್ಲಿದ್ದಾರೆ ಎಂದು ನೋಡಿ ಮುಂದಿನ ಹೆಜ್ಜೆ ಬದಲಿಸುವುದನ್ನು ರೂಪಣಾತ್ಮಕ ಮೌಲ್ಯಮಾಪನ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸರಳ. ಆದರೆ "ಅರ್ಥವಾಯಿತಾ?" ಎಂದು ಕೇಳಿ "ಹೂಂ" ಕೇಳಿಸಿಕೊಳ್ಳುವುದು ಇದಲ್ಲ. ಆ "ಹೂಂ" ಮುಂದಿನ ಬೆಂಚಿನ ನಾಲ್ಕು ಮಕ್ಕಳದ್ದು.

ಎಲ್ಲರಿಂದ ಉತ್ತರ ಬರುವ ಹಾಗೆ ಮಾಡಿ. ಚೀಟಿ, ಸ್ಲೇಟು, ಬೆರಳು ಎತ್ತಿ ಆಯ್ಕೆ ತೋರಿಸುವುದು, ಯಾವುದಾದರೂ ಸರಿ. ಬಾಯಲ್ಲಿ ಪ್ರಶ್ನೆ ಕೇಳುವುದಾದರೆ ಕಾಯಿರಿ. ಮೇರಿ ಬಡ್ ರೋ ಎಂಬ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದು ಕಂಡುಕೊಂಡರು. ಮೂರು ಸೆಕೆಂಡ್ ಅಥವಾ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದ ಮಕ್ಕಳೂ ಮಾತಾಡಿದರು. ಮೂರು ಸೆಕೆಂಡ್ ತರಗತಿಯಲ್ಲಿ ಬಹಳ ಉದ್ದ ಅನಿಸುತ್ತದೆ. ಮನಸ್ಸಿನಲ್ಲಿ ಎಣಿಸಿ.

ಪಿರಿಯಡ್ ಕೊನೆಯ ಚೀಟಿಗಳನ್ನು ತಿದ್ದಲು ಕೂರಬೇಡಿ. ಓದುತ್ತಾ ಮೂರು ಗುಡ್ಡೆ ಮಾಡಿ: ಹಿಡಿದಿದ್ದಾರೆ, ಅರ್ಧ ಹಿಡಿದಿದ್ದಾರೆ, ಹಿಡಿದಿಲ್ಲ. ನಲವತ್ತು ಚೀಟಿಗೆ ಹತ್ತು ಹದಿನೈದು ನಿಮಿಷ ಸಾಕು. ನಾನು ಇಟ್ಟುಕೊಂಡ ಲೆಕ್ಕ ಇದು. ಮೂರನೆಯ ಗುಡ್ಡೆಯಲ್ಲಿ ನಾಲ್ಕೈದು ಚೀಟಿ ಮಾತ್ರ ಇದ್ದರೆ ಮುಂದಕ್ಕೆ ಹೋಗಿ, ಆ ಮಕ್ಕಳ ಪಕ್ಕ ಮರುದಿನ ಐದು ನಿಮಿಷ ಕೂರಿ. ಅರ್ಧ ತರಗತಿ ಅಲ್ಲಿದ್ದರೆ ಮುಂದಕ್ಕೆ ಹೋಗಬೇಡಿ. ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳಿದರೂ ಆಗುವುದಿಲ್ಲ. ಬೇರೆ ಉದಾಹರಣೆಯಿಂದ ಬನ್ನಿ.

ಘಟಕ ಮುಗಿದ ಮೇಲೂ ಒಂದು ವಾರ ಬಿಟ್ಟು, ಒಂದು ತಿಂಗಳು ಬಿಟ್ಟು, ಒಂದೊಂದು ಪ್ರಶ್ನೆ ಕೇಳಲು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿಕೊಂಡು, ಮರೆವು ಮೊದಲ ಗಂಟೆಗಳಲ್ಲೂ ದಿನಗಳಲ್ಲೂ ಅತಿ ವೇಗವಾಗಿರುತ್ತದೆ ಎಂದು ತೋರಿಸಿದ್ದರು. ಕಲಿತದ್ದು ಉಳಿಯಬೇಕು ಅಂದರೆ ಮತ್ತೆ ಭೇಟಿ ಕೊಡಲೇಬೇಕು.

ಇನ್ನೆರಡು ಪ್ರಶ್ನೆಗಳು

"ಹೀಗೆ ಮಾಡುತ್ತಾ ಕೂತರೆ ಪೋರ್ಷನ್ ಮುಗಿಯುವುದು ಯಾವಾಗ?" ಈ ಆತಂಕ ನಿಜವಾದದ್ದು, ತಳ್ಳಿಹಾಕುವುದಿಲ್ಲ. ಮೊದಲ ಹಂತವನ್ನು ಗಟ್ಟಿಯಾಗಿ ಮಾಡಿದವರಿಗೆ ಸಮಯ ಅಲ್ಲೇ ಸಿಗುತ್ತದೆ. ಎಲ್ಲಾ ಪುಟಕ್ಕೂ ಸಮ ಸಮಯ ಕೊಡುವುದು ನಿಲ್ಲುತ್ತದೆ. ನಡುಗಂಬಕ್ಕೆ ಮೂರು ಪಾಲು, ಪರಿಚಯ ಸಾಕಾದ ಸಂಗತಿಗಳಿಗೆ ಮನೆಯಲ್ಲಿ ಓದಿಕೊಂಡು ಬರುವ ಒಂದು ಪುಟ. ಆದರೂ ಕೆಲವು ಘಟಕಗಳಲ್ಲಿ ಸಮಯ ಸಾಲುವುದಿಲ್ಲ. ಆಗ ಯಾವುದನ್ನು ಕಡಿಮೆ ಮಾಡಿದೆ ಎಂದು ಗೊತ್ತಿದ್ದೇ ಕಡಿಮೆ ಮಾಡಿ.

"ನಮ್ಮಲ್ಲಿ ಕೊಟ್ಟ ನಮೂನೆಯಲ್ಲೇ ಬರೆಯಬೇಕು." ಬರೆಯಿರಿ. ಗುರಿ ಉದ್ದೇಶದ ಕಾಲಂಗೆ ಹೋಗುತ್ತದೆ, ಸೌದೆಯ ಪ್ರಶ್ನೆ ಮೌಲ್ಯಮಾಪನದ ಕಾಲಂಗೆ, ಚೀಟಿಯ ಫಲಿತಾಂಶ ಪೂರ್ವಜ್ಞಾನದ ಕಾಲಂಗೆ. ಹಾಳೆ ಸಿದ್ಧವಿದ್ದರೆ ನಮೂನೆ ತುಂಬಲು ಹೆಚ್ಚು ಹೊತ್ತು ಬೇಡ.

ಮೊದಲ ಸಲಕ್ಕೆ ಒಂದು ತರಗತಿಯ ಒಂದು ಘಟಕ ಮಾತ್ರ ಹೀಗೆ ಯೋಜಿಸಿ, ಉಳಿದವು ಈಗಿನಂತೆಯೇ ನಡೆಯಲಿ. ಮುಗಿದ ದಿನವೇ ಅದೇ ಹಾಳೆಯ ಹಿಂಬದಿಯಲ್ಲಿ ಮೂರು ಸಾಲು ಬರೆದಿಡಿ: ಯಾವ ಪ್ರಶ್ನೆ ಕೆಲಸ ಮಾಡಿತು, ಯಾವ ಮೆಟ್ಟಿಲು ಬಿಟ್ಟುಹೋಗಿತ್ತು, ಮಕ್ಕಳು ನೀವು ಊಹಿಸದ ಯಾವ ಉತ್ತರ ಕೊಟ್ಟರು. ಮುಂದಿನ ವರ್ಷ ಈ ಘಟಕ ಬಂದಾಗ ನಾಲ್ಕನೆಯ ಹಂತದ ಅರ್ಧ ಕೆಲಸ ಆ ಮೂರು ಸಾಲಿನಲ್ಲೇ ಆಗಿರುತ್ತದೆ.